ಕೋಟೆ, ಮಠ, ಕಾಲುವೆ: ಸೈಕಲ್ಲಿನ ಮೇಲೆ ಬಳ್ಳಾರಿ ಸೀಮೆ

(ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಸೈಕಲ್ ಯಾತ್ರೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಹಾಗೂ ಗುಡ್ಡದ ಹಳ್ಳಿಗಳ ಗೆಳೆಯರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಸೈಕಲ್ ಯಾತ್ರೆಯ ಕುರಿತು ಮಾತನಾಡಲು ಮಣ್ಣು ಮತ್ತು ಬೆಳೆಗಳನ್ನು ನೋಡುವ ಕೃಷಿ ವಿಜ್ಞಾನಿಯನ್ನು ಏಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆದರೆ ಸೈಕಲ್ಲಿಗೂ ಬೆಳೆಗೂ ಹಳೆಯ ನಂಟಿದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಕಣಗಳು ವಾತಾವರಣವನ್ನು ಮುಸುಕಿದ್ದರಿಂದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೆಟ್ಟಿತು, ಕುದುರೆಗಳಿಗೆ ಹಾಕುವ ಓಟ್ಸ್ ಧಾನ್ಯ ತುಟ್ಟಿಯಾಯಿತು. ಮರುವರ್ಷ, 1817ರಲ್ಲಿ, ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಪೆಡಲ್ ಇಲ್ಲದ, ಕಾಲಿನಿಂದ ನೆಲವನ್ನು ತಳ್ಳಿ ಓಡಿಸುವ, ಎರಡು ಚಕ್ರಗಳ ಮರದ ವಾಹನವನ್ನು ರಚಿಸಿದ. ಮೇವು ತಿನ್ನದ ಕುದುರೆಯೊಂದರ ಅಗತ್ಯವೇ ಇದಕ್ಕೆ ಪ್ರೇರಣೆ ಎಂದು ಕೆಲವು ಇತಿಹಾಸಕಾರರು ಊಹಿಸಿದ್ದಾರೆ. ಆ ಊಹೆ ನಿಜವೋ ಅಲ್ಲವೋ, ಮೇವೂ ಬೇಡದ ಎಣ್ಣೆಯೂ ಬೇಡದ ವಾಹನವೆಂಬ ಮಾತು ಇಂದಿಗೂ ಸತ್ಯವೇ.

ಫ್ರಾನ್ಸ್ ದೇಶದಲ್ಲಿ ಲುವಾರ್ ನದಿಯ ಗುಂಟ ಸುಮಾರು 900 ಕಿಲೋಮೀಟರ್ ಉದ್ದದ ಸೈಕಲ್ ಮಾರ್ಗವೊಂದಿದೆ. ಅದರ ಆಚೀಚೆ ರಾಜರ ಕೋಟೆ-ಅರಮನೆಗಳು, ಫಾಂಟೆವ್ರೋದಂತಹ ಪುರಾತನ ಕ್ರೈಸ್ತ ಮಠಗಳು, ದ್ರಾಕ್ಷಿ ತೋಟಗಳು. ದೇಶ ವಿದೇಶಗಳ ಜನ ದಿನವೂ ಸ್ವಲ್ಪ ಸ್ವಲ್ಪ ದೂರ ತುಳಿಯುತ್ತ, ಹಳ್ಳಿಗಳಲ್ಲಿ ತಂಗುತ್ತ ಸಾಗುತ್ತಾರೆ. ನಾವು ಗಮನಿಸಬೇಕಾದ ಸಂಗತಿಯೆಂದರೆ, ಆ ಮಾರ್ಗಕ್ಕಾಗಿ ಎಲ್ಲೆಡೆ ಹೊಸ ರಸ್ತೆ ಕಡಿಯಲಿಲ್ಲ. ಮೊದಲೇ ಇದ್ದ ಹಳ್ಳಿಯ ಕಿರುದಾರಿಗಳನ್ನೂ ಪ್ರವಾಹ ತಡೆಯಲು ಕಟ್ಟಿದ್ದ ನದಿಯ ಏರಿಗಳನ್ನೂ ಜೋಡಿಸಿ, ಗುರುತು ಫಲಕ ನೆಟ್ಟರು. ಇದ್ದುದನ್ನು ಜೋಡಿಸುವ ಆ ವಿವೇಕವನ್ನು ನಾವು ಅವರಿಂದ ಕಲಿಯಬಹುದು. ಕೋಟೆಗಾಗಿ, ಮಠಕ್ಕಾಗಿ, ನದಿಗಾಗಿ ನಾವು ಅಲ್ಲಿಗೆ ಹೋಗಬೇಕಾಗಿಲ್ಲ. ಅವು ಬ್ರೂಸ್‌ಪೇಟೆಯ ಈ ಬಾಗಿಲಿನಿಂದಲೇ ಆರಂಭವಾಗುತ್ತವೆ.

ಇಲ್ಲಿ ನಿಂತು ತಲೆಯೆತ್ತಿದರೆ ಬಳ್ಳಾರಿ ಗುಡ್ಡ ಕಾಣುತ್ತದೆ. ಮೇಲಿನ ಕೋಟೆ ವಿಜಯನಗರಕ್ಕೆ ಅಧೀನನಾಗಿದ್ದ ಹನುಮಪ್ಪ ನಾಯಕನದೆಂದು ಪ್ರತೀತಿ. ಕೆಳಗಿನ ಕೋಟೆ ಹೈದರಾಲಿಯ ಕಾಲದ್ದು, ಫ್ರೆಂಚ್ ಇಂಜಿನಿಯರನೊಬ್ಬನ ನೆರವಿನಿಂದ ಕಟ್ಟಿದ್ದು. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂಬುದನ್ನು ಗಮನಿಸದೆ ಹೋದನೆಂದು ಹೈದರ್ ಆ ಇಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಕಥೆ ಊರಲ್ಲೆಲ್ಲ ಪ್ರಚಲಿತ. ಕಥೆಯನ್ನು ಕಥೆಯಾಗಿ ಕೇಳೋಣ. ಕೃಷಿಕನ ಕಣ್ಣಿಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬಂಡೆಯ ಬಿರುಕುಗಳಲ್ಲಿ ನೀರು ನಿಲ್ಲಿಸಲು ಮಾಡಿದ ಕೊಳಗಳು. ಗುಡ್ಡದ ಮೇಲೆ ಹೊಳೆಯಿಲ್ಲ, ಬಾವಿಯಿಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟರೆ ಮಾತ್ರ ಕೋಟೆ ಬದುಕುತ್ತದೆ. ಗೋಡೆ ಎಷ್ಟೇ ದಪ್ಪವಿರಲಿ, ನೀರು ತೀರಿದ ದಿನ ಕೋಟೆ ಶರಣಾಗುತ್ತದೆ.

ಈ ಸೀಮೆಯ ವಾರ್ಷಿಕ ಮಳೆ ಸುಮಾರು 500 ಮಿಲಿಮೀಟರ್. ಒಂದು ಎಕರೆ ಬರಿಯ ಬಂಡೆಯ ಮೇಲೆ ಕೇವಲ 10 ಮಿಲಿಮೀಟರ್ ಮಳೆ ಸುರಿದರೂ ಬೀಳುವ ನೀರು ಸುಮಾರು 40,000 ಲೀಟರ್. ಬಂಡೆ ಅದನ್ನು ಹೀರುವುದಿಲ್ಲ, ಕೆಳಕ್ಕೆ ಕಳುಹಿಸುತ್ತದೆ. ಗುಡ್ಡದ ಬುಡದ ಮರಳು ಮಿಶ್ರಿತ ಕೆಂಪು ಮಣ್ಣು ಅದನ್ನು ಇಂಗಿಸಿಕೊಳ್ಳುತ್ತದೆ. ಇನ್ನೂ ಕೆಳಗಿನ ಎರೆ ಭೂಮಿ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಬುಡದಲ್ಲಿ ಶೇಂಗಾ, ಸಜ್ಜೆ, ನವಣೆ. ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ, ಹತ್ತಿ. ಗುಡ್ಡ, ಕೆಂಪು ಮಣ್ಣು, ಕಪ್ಪು ಮಣ್ಣು ಈ ಮೂರು ಒಂದೇ ಸಂಸಾರ. ಕಾರಿನಲ್ಲಿ ಹೋಗುವವನಿಗೆ ಈ ಇಳಿಜಾರು ಗೊತ್ತಾಗುವುದಿಲ್ಲ. ಸೈಕಲ್ ತುಳಿಯುವವನಿಗೆ ಮಾತ್ರ ಏರು ಎಲ್ಲಿ, ಇಳಿಜಾರು ಎಲ್ಲಿ, ಹಳ್ಳ ಎಲ್ಲಿಗೆ ಸೇರುತ್ತದೆ ಎಂಬುದನ್ನು ಮೊಣಕಾಲೇ ಹೇಳಿಕೊಡುತ್ತದೆ. ನನ್ನ ದೃಷ್ಟಿಯಲ್ಲಿ ಸೈಕಲ್ ಯಾತ್ರೆಯ ಮೊದಲ ಪ್ರಯೋಜನ ಇದೇ.

ನಗರದಿಂದ ಈಶಾನ್ಯಕ್ಕೆ ಸ್ವಲ್ಪವೇ ದೂರದಲ್ಲಿ ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಈ ಜಿಲ್ಲೆಯನ್ನು ಸುತ್ತಿ, ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ 1895ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಬ್ರೂಸ್‌ಪೇಟೆಗೆ ಹೆಸರು ಬಂದದ್ದು ಇವನಿಂದಲ್ಲ, ಬೇರೆಯೇ ಒಬ್ಬ ಆಂಗ್ಲ ಅಧಿಕಾರಿಯಿಂದ, ಇಬ್ಬರನ್ನೂ ಬೆರೆಸಬೇಡಿ. ಫೂಟ್‌ನ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯ ನಗರದಲ್ಲಿದೆ. ಯಾತ್ರೆಗೆ ಮೊದಲು ಅದನ್ನು ನೋಡಿಕೊಂಡು ಹೊರಡುವುದು ಒಳ್ಳೆಯದು.

ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಅವರು 1940ರ ದಶಕದಲ್ಲಿಯೂ, ಅನಂತರ ರವಿ ಕೋರಿಶೆಟ್ಟರ್ ಮೊದಲಾದ ವಿದ್ವಾಂಸರೂ ಉತ್ಖನನ ನಡೆಸಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ವಾಸಿಸಿದ್ದ ಜನ ಗುಡ್ಡವನ್ನು ಸೀಳಿಕೊಂಡು ಹೋಗಿರುವ ಕಪ್ಪು ಕಲ್ಲಿನ ಪದರದಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಹಿರೇಗುಡ್ಡ ಆ ಕಾಲದ ಕಾರ್ಖಾನೆ. ಕುಪ್ಪಗಲ್ಲಿನ ಬಂಡೆಗಳ ಮೇಲೆ ಗೂಳಿಗಳ, ಮನುಷ್ಯರ ಕೆತ್ತನೆಗಳಿವೆ. ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡಿಸುವ ಬಂಡೆಗಳೂ ಇವೆ. ನನ್ನಂಥವನಿಗೆ ಇವೆಲ್ಲಕ್ಕಿಂತ ರೋಮಾಂಚನ ತರುವುದು ಅಲ್ಲಿ ಸಿಕ್ಕ ಕರಿದ ಕಾಳುಗಳು. ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಹುರಳಿ, ಹೆಸರು, ಕೊರಲೆಗಳ ಗುರುತು ಸಿಕ್ಕಿತು. ದಕ್ಷಿಣ ಭಾರತದ ಮೊದಲ ಬೇಸಾಯಗಾರರ ಊಟದ ಪಟ್ಟಿ ಇದು. ಇಂದು ಸಿರಿಧಾನ್ಯವೆಂದು ಪೊಟ್ಟಣದಲ್ಲಿ ಮಾರುವ ಕೊರಲೆಯನ್ನು ನಮ್ಮ ಹಿರಿಯರು ಈ ಗುಡ್ಡಗಳ ನೆರಳಿನಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಉಂಡಿದ್ದರು.

ಇನ್ನೊಂದು ದಿಕ್ಕಿನಲ್ಲಿ, ಹೊಸಪೇಟೆಯ ದಾರಿಯ ಕುಡತಿನಿಯ ಬಳಿ ಬೂದಿಯ ದಿಬ್ಬವಿದೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಜನಪದರು ಹೇಳುತ್ತಿದ್ದರು. ಅದು ದನದ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಉಂಟಾದದ್ದೆಂದು ವಿಜ್ಞಾನ ತೋರಿಸಿಕೊಟ್ಟಿದೆ. ಗೊಬ್ಬರವನ್ನು ಅಷ್ಟೊಂದು ಸುಟ್ಟರಲ್ಲ ಎಂದು ರೈತರೊಬ್ಬರು ನನ್ನೆದುರು ಮರುಗಿದ್ದುಂಟು! ಹಬ್ಬಕ್ಕೋ, ರೋಗ ನಿವಾರಣೆಗೋ, ವಲಸೆ ಹೊರಡುವ ಶಾಸ್ತ್ರಕ್ಕೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ.

ಅಲ್ಲಿಂದ ಕುರುಗೋಡು. ಬಳ್ಳಾರಿಯಿಂದ ಸುಮಾರು 28 ಕಿಲೋಮೀಟರ್. ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರ ರಾಜಧಾನಿಯಿದು. ಗುಡ್ಡದ ಮೇಲೆ ಕೋಟೆಯ ಅವಶೇಷ, ಕೆಳಗೆ ಒಂದಕ್ಕಿಂತ ಒಂದು ಹಳೆಯ ಕಲ್ಲುಗುಡಿಗಳು, ದೊಡ್ಡ ಬಸವೇಶ್ವರನ ಏಕಶಿಲೆಯ ಬೃಹತ್ ಮೂರ್ತಿ. 12ನೆಯ ಶತಮಾನದ ಶಾಸನಗಳು ಇಲ್ಲಿಯ ಸ್ವಯಂಭು ದೇವಾಲಯಕ್ಕೂ ಅದರ ಶೈವಾಚಾರ್ಯರಿಗೂ ಸಂದ ದತ್ತಿಗಳನ್ನು ದಾಖಲಿಸಿವೆ. ಯುರೋಪಿನ ಕ್ರೈಸ್ತ ಮಠಗಳಂತೆಯೇ ನಮ್ಮ ಮಠ-ದೇಗುಲಗಳೂ ಭೂಮಿಯ ಲೆಕ್ಕವಿಡುವ ಸಂಸ್ಥೆಗಳಾಗಿದ್ದವು. ದತ್ತಿ ಶಾಸನಗಳನ್ನು ಓದುವಾಗ ದೇವರ ಹೆಸರಿನೊಡನೆ ಗದ್ದೆ, ತೋಟ, ಕೆರೆ, ಎಲ್ಲೆಕಲ್ಲುಗಳ ವಿವರವನ್ನೂ ಓದಿ. ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಒಂದುಂಟು: ಆ ಕೆರೆಗಳಲ್ಲಿ ಇಂದು ಎಷ್ಟು ಉಳಿದಿವೆ, ಎಷ್ಟರಲ್ಲಿ ಹೂಳಿದೆ, ಎಷ್ಟರ ಮೇಲೆ ಮನೆಗಳೆದ್ದಿವೆ?

ಕುರುಗೋಡಿನಿಂದ ಉತ್ತರಕ್ಕೆ ಹೊರಟರೆ ತೆಕ್ಕಲಕೋಟೆ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಇಲ್ಲಿ ಉತ್ಖನನ ಮಾಡಿ ಬರೆದ ವರದಿಯ ಶೀರ್ಷಿಕೆಯಲ್ಲೇ ‘ಶಿಲಾಯುಗದ ಬೆಟ್ಟವಾಸಿಗಳು’ ಎಂಬ ಅರ್ಥದ ಮಾತಿದೆ. ಬಂಡೆಗಳ ನಡುವಿನ ಸಮತಟ್ಟಿನಲ್ಲಿ ದುಂಡು ಗುಡಿಸಲು ಕಟ್ಟಿಕೊಂಡು ಅವರು ಬದುಕಿದ್ದರು. ಗುಡ್ಡದ ಹಳ್ಳಿಗಳಿಂದ ಬಂದ ನೀವು ಆ ಜಾಗದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಗುಡ್ಡದವರು ಹಿಂದುಳಿದವರೆಂದು ಯಾರಾದರೂ ಹೇಳಿದರೆ, ಈ ನಾಡಿನ ಬೇಸಾಯ ಗುಡ್ಡದಿಂದಲೇ ಇಳಿದು ಬಂತೆಂದು ಉತ್ತರ ಕೊಡಬಹುದು.

ತೆಕ್ಕಲಕೋಟೆಯಿಂದ ಹೊಳೆಯ ಕಡೆಗೆ ತಿರುಗಿದರೆ ನಿಟ್ಟೂರು, ಉಡೇಗೋಳಗಳು. 1970ರ ದಶಕದ ಕೊನೆಯಲ್ಲಿ ಇಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಬಹುತೇಕ ಶಾಸನಗಳು ಅರಸನನ್ನು ದೇವಾನಾಂಪ್ರಿಯನೆಂದು ಮಾತ್ರ ಕರೆಯುತ್ತವೆ. ಮಸ್ಕಿಯಂತೆ ಈ ಎರಡು ಊರುಗಳ ಬಂಡೆಗಳು ಅಶೋಕನೆಂಬ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ ಸೇರಿವೆ. ತಂದೆತಾಯಿಗಳಿಗೆ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವು ನಿಟ್ಟೂರಿನ ಬಂಡೆಯ ಉಪದೇಶ. ಇದೇ ಅರಸ ತನ್ನ ಬೇರೊಂದು ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ರಸ್ತೆಯೆಂದರೆ ನೆರಳು ಮತ್ತು ನೀರು ಎಂಬ ತಿಳಿವಳಿಕೆಯಿತ್ತು. ಇಂದು ರಸ್ತೆ ಅಗಲೀಕರಣವೆಂದರೆ ಮೊದಲು ಉರುಳುವುದೇ ಸಾಲುಮರ.

ಸಿರುಗುಪ್ಪದ ಹೊತ್ತಿಗೆ ನೆಲದ ಬಣ್ಣವೇ ಬದಲಾಗಿರುತ್ತದೆ. ಕಣ್ಣು ಹಾಯುವಷ್ಟು ದೂರ ಭತ್ತ. ವಿಜಯನಗರದ ಅರಸರ ಕಾಲದಲ್ಲೇ ತುಂಗಭದ್ರೆಗೆ ಅಡ್ಡಲಾಗಿ ಒಡ್ಡು ಕಟ್ಟಿ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಸಿರುಗುಪ್ಪದ ಸಮೀಪ, ಹೊಳೆಯ ದಂಡೆಯ ಕೆಂಚನಗುಡ್ಡದಲ್ಲಿ ಮಾಧ್ವ ಯತಿಗಳಾದ ವಸುಧೇಂದ್ರ ತೀರ್ಥರ ಬೃಂದಾವನವಿದೆ. ಹಳೆಯ ಕಾಲುವೆಗಳು ನದಿಯ ಅಂಚಿನ ನೆಲಕ್ಕೆ ಮಾತ್ರ ನೀರುಣಿಸುತ್ತಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ ಕೆಳಮಟ್ಟದ ಕಾಲುವೆಯ ಮೂಲಕ ನೀರು ದೂರದ ಎರೆ ಹೊಲಗಳನ್ನೂ ತಲುಪಿತು. 1876-78ರ ಭೀಕರ ಬರದಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತ ಸೀಮೆಗೆ ಈ ನೀರು ಎಂತಹ ವರವಾಗಿ ಬಂದಿರಬೇಕೆಂಬುದನ್ನು ನಾವು ಮರೆಯಬಾರದು. ಕಾಲುವೆಯನ್ನು ಹಳಿಯುವುದು ಸುಲಭ. ಹಸಿದವರ ಮುಂದೆ ನಿಂತು ಹಳಿಯುವುದು ಕಷ್ಟ.

ಆದರೂ ವಿಜ್ಞಾನಿಯಾಗಿ ಹೇಳಲೇಬೇಕಾದ ಮಾತಿದೆ. ಈ ಯೋಜನೆಯಲ್ಲಿ ಬಹುಪಾಲು ಎರೆ ಭೂಮಿಗೆ ಉದ್ದೇಶಿಸಿದ್ದು ಜೋಳ, ಹತ್ತಿಗಳಂತಹ ಹಗುರ ನೀರಾವರಿಯ ಬೆಳೆ. ಕಾಲುವೆಯ ತಲೆಭಾಗದವರು ಭತ್ತ ನಾಟಿದರು. ಕೊನೆಯ ಭಾಗದವರಿಗೆ ನೀರು ತಲುಪದಾಯಿತು. ನೀರು ಬಸಿಯದ ಎರೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಒಳಗಿನ ಉಪ್ಪು ಕರಗಿ ಮೇಲೆ ಬರುತ್ತದೆ. ನೀರು ಆರಿದಾಗ ಬಿಳಿಯ ಪದರವಾಗಿ ನಿಲ್ಲುತ್ತದೆ. ಇದನ್ನೇ ನಮ್ಮ ರೈತರು ಸವಳು-ಜವಳು ಎನ್ನುವುದು. ಸೈಕಲ್ಲಿನಲ್ಲಿ ಕಾಲುವೆಯ ದಂಡೆಯ ಮೇಲೆ ಹೋಗುವಾಗ ಹಸಿರಿನ ನಡುವೆ ಬಿಳಿಯ ಮಚ್ಚೆಗಳು ಕಂಡರೆ ಇಳಿದು ನೋಡಿ. ಅದು ಹೊಲ ಸಾಯುತ್ತಿರುವ ಗುರುತು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಇಡೀ ಸೀಮೆಯ ಅನ್ನ ಒಂದು ಸರಪಣಿಯನ್ನು ಅವಲಂಬಿಸಿತ್ತೆಂಬುದು ಎಲ್ಲರಿಗೂ ಅರಿವಾಯಿತು. ಹುರಳಿ, ಕೊರಲೆ, ಜೋಳಗಳನ್ನು ಪೂರ್ತಿ ಬಿಟ್ಟುಕೊಡಬಾರದೆಂದು ನಾನು ಹೇಳುವುದು ಹಳೆಯದರ ಮೋಹದಿಂದಲ್ಲ, ಈ ಲೆಕ್ಕದಿಂದ.

ಸಿರುಗುಪ್ಪ ತಾಲ್ಲೂಕಿನ ಮಳೆಯಾಶ್ರಿತ ಎರೆ ಬಯಲಿಗೆ ಇನ್ನೊಂದು ಹಕ್ಕುದಾರ ಜೀವವಿದೆ: ಎರೆಭೂತ, ದೊರವಾಯನ ಹಕ್ಕಿ ಎಂದೆಲ್ಲ ಕರೆಯುವ ಹೆಬ್ಬಕ. ಜಗತ್ತಿನಲ್ಲಿಯೇ ಅಳಿವಿನ ಅಂಚಿಗೆ ಬಂದಿರುವ ಈ ಹಕ್ಕಿಗಳಲ್ಲಿ ಬೆರಳೆಣಿಕೆಯವು ಈ ಬಯಲಲ್ಲಿ ಕಾಣಿಸಿಕೊಂಡಿವೆ. ನೆಲದ ಮೇಲೆ ಒಂದೇ ಮೊಟ್ಟೆಯಿಡುವ ಹಕ್ಕಿಯಿದು. ಅದನ್ನು ಹುಡುಕಿಕೊಂಡು ಹೋಗಬೇಡಿ. ಅಕಸ್ಮಾತ್ ಕಂಡರೆ ದೂರದಿಂದಲೇ ನೋಡಿ, ಜಾಗವನ್ನು ಊರೆಲ್ಲ ಸಾರದೆ ಅರಣ್ಯ ಇಲಾಖೆಗೆ ಮಾತ್ರ ತಿಳಿಸಿ.

ಇನ್ನು ಈ ದಾರಿಗೆ ಒದಗಿರುವ ಆಪತ್ತಿನ ವಿಚಾರ. ಸೊಂಡೂರಿನ ಅದಿರಿನ ಬೆಟ್ಟಗಳ ನಡುವೆ ವಾಸಿಸುವ ನನಗೆ ಗುಡ್ಡ ಕರಗುವುದೆಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು, ಅನಂತರ ಮಿತಿ ಹಾಕಿ ಮತ್ತೆ ಅನುಮತಿಸಿತು. ಅದಿರಿನ ಕಥೆ ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಬಯಲಿನ ಕಲ್ಲುಗುಡ್ಡಗಳು ಜಲ್ಲಿಗಾಗಿ, ಕಟ್ಟಡದ ಕಲ್ಲಿಗಾಗಿ ಸದ್ದಿಲ್ಲದೆ ಕರಗಿದ್ದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಹಿರೇಗುಡ್ಡದಲ್ಲಿಯೇ ಪ್ರಾಚೀನ ನೆಲೆಯ ಭಾಗಗಳು ಕಲ್ಲುಕ್ವಾರಿಗೆ ಬಲಿಯಾಗಿವೆ. ಗುಡ್ಡ ಒಡೆದಾಗ ಚಿತ್ರವೊಂದೇ ಹೋಗುವುದಿಲ್ಲ. ನಾನು ಆರಂಭದಲ್ಲಿ ಹೇಳಿದ 40,000 ಲೀಟರ್ ನೀರಿನ ದಾರಿ ತಪ್ಪುತ್ತದೆ. ಕ್ರಷರಿನ ಧೂಳು ಎಲೆಗಳ ಮೇಲೆ ಕುಳಿತು ಅವುಗಳ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಬುಡದ ಹೊಲದವನ ಇಳುವರಿ ತಗ್ಗುತ್ತದೆ. ಸಂರಕ್ಷಿತವೆಂದು ಘೋಷಿಸಿದ ಕೇಂದ್ರ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವನ್ನು ಕಾನೂನು ವಿಧಿಸಿದೆ. ಘೋಷಣೆಯೇ ಆಗದ ಬಂಡೆಗಳಿಗೆ ಆ ರಕ್ಷೆಯೂ ಇಲ್ಲ. ಅವುಗಳಿಗೆ ರಕ್ಷೆ ಊರಿನವರ ಕಣ್ಣೇ.

ಆದ್ದರಿಂದ ಈ ಯಾತ್ರೆಯನ್ನು ನಾನು ಪ್ರವಾಸವೆಂದು ಭಾವಿಸಿಲ್ಲ, ಗಸ್ತು ಎಂದು ಭಾವಿಸಿದ್ದೇನೆ. ಜನ ಹೋಗಿ ಬರುವ ಗುಡ್ಡವನ್ನು ರಾತ್ರೋರಾತ್ರಿ ಒಡೆಯುವುದು ಕಷ್ಟ. ಜೊತೆಗೆ ಎಚ್ಚರವೂ ಬೇಕು: ಜನ ಬರುತ್ತಾರೆಂದೊಡನೆ ರೆಸಾರ್ಟು, ಕಾಂಕ್ರೀಟು, ಪ್ಲಾಸ್ಟಿಕ್ ಹಿಂಬಾಲಿಸುತ್ತವೆ. ಹಂಪಿಯ ಸುತ್ತಮುತ್ತ ಅದನ್ನು ನಾವು ಕಂಡಿದ್ದೇವೆ. ಅದಕ್ಕಾಗಿ ನನ್ನ ಸಲಹೆಗಳು ಸರಳ.

ಒಂದು, ಹೊಸ ರಸ್ತೆ ಬೇಡ. ಬಂಡಿದಾರಿ, ಹೊಲದ ದಾರಿ, ಸಂಬಂಧಪಟ್ಟವರ ಅನುಮತಿ ದೊರೆತಲ್ಲಿ ಕಾಲುವೆಯ ದಂಡೆ, ಇಷ್ಟನ್ನೇ ಜೋಡಿಸೋಣ. ಭಾರಿ ಲಾರಿಗಳು ಓಡುವ ಹೆದ್ದಾರಿಯಲ್ಲಿ ಅನಿವಾರ್ಯವಾದಷ್ಟೇ ದೂರ ಸಾಗೋಣ.

ಎರಡು, ಪ್ರತಿ ಹಳ್ಳಿಯಲ್ಲಿ ಒಂದು ಕುಡಿಯುವ ನೀರಿನ ತಾಣ ಗುರುತಿಸೋಣ. ದಾರಿಯ ಬದಿಗೆ ಬೇವು, ಆಲ, ಹುಣಸೆ ನೆಡೋಣ. ಇರುವ ಮರಗಳನ್ನು ಎಣಿಸಿ ಪಟ್ಟಿ ಮಾಡೋಣ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಎಣಿಸಿದ ಮರಕ್ಕೆ ಮಾತ್ರ ನಾವು ಲೆಕ್ಕ ಕೇಳಬಲ್ಲೆವು.

ಮೂರು, 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ನೀವು ತಂಗುವ ಪ್ರತಿ ಊರಿನಲ್ಲಿ ಆ ಪುಸ್ತಕವನ್ನು ತೋರಿಸಿರೆಂದು ವಿನಯದಿಂದ ಕೇಳಿ. ಇದ್ದರೆ ಓದಿ, ಇಲ್ಲದಿದ್ದರೆ ಬರೆಯಲು ನೆರವಾಗಿ. ಗುಡ್ಡ, ಕೆರೆ, ನಾಟಿ ತಳಿಯ ಬೀಜ, ಹಕ್ಕಿ ಎಲ್ಲವೂ ಅದರಲ್ಲಿ ಸೇರಲಿ.

ನಾಲ್ಕು, ಉಣ್ಣುವುದು ಊರಿನ ಮನೆಗಳಲ್ಲಿ, ಊರಿನ ಬೆಳೆಯನ್ನು, ಹಣ ಕೊಟ್ಟು. ರೊಟ್ಟಿ, ಹುರಳಿ ಸಾರು, ಶೇಂಗಾ ಚಟ್ನಿಗಿಂತ ಒಳ್ಳೆಯ ಸವಾರಿಯ ಊಟ ನನಗೆ ತಿಳಿದಿಲ್ಲ. ಯಾತ್ರಿಕರು ಕೊಡುವ ಹಣ ಜೋಳ ಬೆಳೆಯುವವನ ಮನೆಗೆ ಸೇರಿದರೆ ಮಾತ್ರ ಅವನು ಜೋಳವನ್ನು ಉಳಿಸಿಕೊಳ್ಳುತ್ತಾನೆ.

ಹೆಣ್ಣುಮಕ್ಕಳಿಗೆ ಒಂದು ವಿಶೇಷ ಮಾತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ನೀರು ತರುವುದು, ಸಂತೆಗೆ ಹೋಗುವುದು, ಸಭೆಗೆ ಹೋಗುವುದು ಯಾರ ಹಂಗೂ ಇಲ್ಲದೆ ಸಾಧ್ಯವಾಯಿತು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಷ್ಟೋ ಹುಡುಗಿಯರನ್ನು ಪ್ರೌಢಶಾಲೆಗೆ ಮುಟ್ಟಿಸಿತು. ಈ ಯಾತ್ರೆಯ ಮುಂಚೂಣಿಯಲ್ಲಿ ಹೆಣ್ಣುಮಕ್ಕಳಿರಲಿ.

ಕೊನೆಯದಾಗಿ ಕೆಲವು ವ್ಯಾವಹಾರಿಕ ಸೂಚನೆಗಳು. ಈ ಸೀಮೆಯ ಬೇಸಿಗೆ ದಯೆ ತೋರುವುದಿಲ್ಲ. ನವೆಂಬರಿನಿಂದ ಜನವರಿಯವರೆಗಿನ ಕಾಲ ಉತ್ತಮ. ಆಗ ಹಿಂಗಾರಿ ಹೊಲಗಳೂ ತುಂಬಿರುತ್ತವೆ. ನಸುಕಿನಲ್ಲಿ ಹೊರಟು ಹನ್ನೊಂದರೊಳಗೆ ನೆರಳು ಸೇರಿ. ದಿನಕ್ಕೆ 30ರಿಂದ 40 ಕಿಲೋಮೀಟರ್ ಸಾಕು. ಮಳೆಯಾದ ಮರುದಿನ ಎರೆಯ ದಾರಿಗಿಳಿಯಬೇಡಿ. ಚಕ್ರಕ್ಕೆ ಮಣ್ಣು ಮೆತ್ತಿಕೊಂಡರೆ ಸೈಕಲ್ಲನ್ನು ನೀವೇ ಹೊರಬೇಕಾಗುತ್ತದೆ. ಪಂಕ್ಚರ್ ಸಾಮಾನು, ಗಾಳಿಪಂಪು ಕಡ್ಡಾಯ. ದೂರದ ಅಮೆರಿಕ ಖಂಡದಿಂದ ಬಂದು ಇಲ್ಲಿ ಹಬ್ಬಿ, ನಾಡಿನಾದ್ಯಂತ ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತುಕೊಂಡಿರುವ ಬಳ್ಳಾರಿ ಜಾಲಿಯ ಮುಳ್ಳು ಯಾವ ಟೈರನ್ನೂ ಬಿಡುವುದಿಲ್ಲ. ಶಾಸನವಿರುವ, ಚಿತ್ರವಿರುವ ಬಂಡೆಗಳನ್ನು ಮುಟ್ಟಬೇಡಿ, ಸೀಮೆಸುಣ್ಣದಿಂದ ತಿದ್ದಬೇಡಿ, ನಾದ ಕೇಳಬೇಕೆಂದು ಕಲ್ಲಿನಿಂದ ಬಡಿಯಲೂಬೇಡಿ.

ಪ್ರತಿಯೊಬ್ಬರ ಚೀಲದಲ್ಲೂ ಒಂದು ನೋಟ್‌ಪುಸ್ತಕವಿರಲಿ. ದಾರಿಯಲ್ಲಿ ಕಂಡ ಹೊಸ ಕ್ವಾರಿ, ಕಡಿದ ಮರ, ಹೂಳಿದ ಕೆರೆ, ಬಿಳಿ ಬಿದ್ದ ಹೊಲ ಇವುಗಳ ಸ್ಥಳ ಮತ್ತು ದಿನಾಂಕವನ್ನು ಬರೆದುಕೊಳ್ಳಿ. ಹಿಂದಿರುಗಿದ ಮೇಲೆ ಅವನ್ನೆಲ್ಲ ಒಂದೇ ನಕ್ಷೆಯಲ್ಲಿ ಗುರುತಿಸಿ, ಆಯಾ ಗ್ರಾಮಸಭೆಯ ಮುಂದೆ ಇಡೋಣ. ಮುಂದಿನ ವರ್ಷ ಅದೇ ದಾರಿಯಲ್ಲಿ ಹೋದಾಗ ಏನು ಉಳಿದಿದೆ, ಏನು ಹೋಗಿದೆ ಎಂದು ಹೇಳಲು ನಮ್ಮ ಬಳಿ ಸಾಕ್ಷ್ಯವಿರುತ್ತದೆ. ಆ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.